ಕ್ಯಾಪ್ಟನ್ ಹೋದ ಭಾನುವಾರ

ಟಿವಿ ನೋಡಿ ಕಣ್ಣೀರು ಸುರಿಸುವವರ ಪೈಕಿ ತಾನಲ್ಲ ಎಂದು ಜಯತೀರ್ಥ ಆ ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಘೋಷಿಸಿದ. ಅದಕ್ಕೆ ಕಾರಣವಿತ್ತು. ಹಿಂದಿನ ದಿನ ಸಂಜೆ ಧಾರಾವಾಹಿಯ ಸೊಸೆಯೊಬ್ಬಳು ಮನೆ ಬಿಟ್ಟು ಹೋದಳೆಂದು ಅವನ ತಾಯಿ ಅಂಬುಬಾಯಿ ಮತ್ತು ಹೆಂಡತಿ ಶುಭಾ ಒಂದೇ ಸೆರಗನ್ನು ಹಂಚಿಕೊಂಡು ಅತ್ತಿದ್ದರು.

"ನಿಮ್ಮದು ಗ್ಲಿಸರಿನ್ ಅಳು," ಎಂದ ಜಯತೀರ್ಥ. "ಇವತ್ತು ನಾ ನಮ್ಮ ಸೀರಿಯಲ್ಲಿನ ಕಡೀ ಕಂತು ನೋಡ್ತೀನಿ. ಕಣ್ಣಾಗ ಒಂದು ಹನಿ ಬಂದ್ರ ಕೇಳ್ರಿ."

"ಕೇಳೋದೇನು, ತಾನಾಗೇ ಕೇಳಸ್ತದ," ಎಂದಳು ಶುಭಾ.

'ನಮ್ಮ ಸೀರಿಯಲ್ಲು' ಎಂದು ಅವನು ಹೆಮ್ಮೆಯಿಂದ ಹೇಳಿದ್ದು 'ರಸ್ಟ್‌ವಾಟರ್' ಎಂಬ ಅಮೆರಿಕದ ಧಾರಾವಾಹಿಯನ್ನು. ಅದರಲ್ಲಿ ದನಗಾಹಿಗಳು ಕುದುರೆಯ ಬದಲು ತುಕ್ಕು ಹಿಡಿದ ಆಕಾಶನೌಕೆಯೊಂದನ್ನು ಹತ್ತಿ, ಒಂದು ಗ್ರಹದಿಂದ ಇನ್ನೊಂದು ಗ್ರಹಕ್ಕೆ ದನ ಹೊಡೆದುಕೊಂಡು ಹೋಗುತ್ತಿದ್ದರು. ಇಳಿದಲ್ಲೆಲ್ಲ ಕೆಂಪು ಧೂಳು, ಒಂದು ಸಾರಾಯಿ ಅಂಗಡಿ, ಹಿಂದೆ ಬೀಳುವ ಡಕಾಯಿತರು. ನೌಕೆಯ ಒಡೆಯ ಕ್ಯಾಪ್ಟನ್ ಡಿಗ್ಬಿ. ಮಾತು ಕಡಿಮೆ, ಗುರಿ ತಪ್ಪದ ಕೈ, ಕಲ್ಲಿನಂಥ ಮುಖ.

ಗಚ್ಚಿಬೌಲಿಯ ಒಂದು ಗಾಜಿನ ಕಟ್ಟಡದಲ್ಲಿ ಕೂತು, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಜಯತೀರ್ಥನ ಉದ್ಯೋಗ. ಮನೆಯಲ್ಲಿ ಅದೇ ಉದ್ಯೋಗವನ್ನು ಸಂಬಳವಿಲ್ಲದೆ ಶುಭಾ ಮಾಡುತ್ತಿದ್ದಳು. ಆಫೀಸಿನ ಗೆಳೆಯ, ಗುಲ್ಬರ್ಗಾದ ಅಮೋಲ್ ಎಲ್ಲಿಂದಲೋ ಈ ಧಾರಾವಾಹಿಯ ಸೀಡಿಗಳನ್ನು ತಂದುಕೊಟ್ಟ ದಿನದಿಂದ ಜಯತೀರ್ಥ ಬದಲಾಗಿದ್ದ. ಸ್ಕೂಟರ್ ಕೀಲಿಯನ್ನು ಪಿಸ್ತೂಲಿನ ಹಾಗೆ ಬೆರಳಲ್ಲಿ ತಿರುಗಿಸುತ್ತಿದ್ದ. ಕೋಠಿಯ ಬಜಾರಿನಲ್ಲಿ ಅಗಲ ಅಂಚಿನ ಟೋಪಿಯೊಂದನ್ನು ಕೊಂಡು ತಂದಿದ್ದ. ಪ್ರತಿ ಕಂತು ಮುಗಿದ ಮೇಲೂ ಇಂಟರ್ನೆಟ್ಟಿನ ಅಭಿಮಾನಿಗಳ ಕಟ್ಟೆಯಲ್ಲಿ 'ಡೆಕ್ಕನ್ ಕೌಬಾಯ್' ಎಂಬ ಹೆಸರಿನಲ್ಲಿ ಉದ್ದುದ್ದ ಪ್ರತಿಕ್ರಿಯೆ ಬರೆಯುತ್ತಿದ್ದ. ಭಾವನೆಗೆ ಬೀಳದೆ ವಿಮರ್ಶೆ ಮಾಡುವವನೆಂದು ಅಲ್ಲಿ ಅವನಿಗೆ ಹೆಸರಿತ್ತು. ಆಕಾಶದಲ್ಲಿ ಆ ದನಗಳಿಗೆ ಮೇವು ಎಲ್ಲಿಂದ ಬರುತ್ತದೆ, ಸಗಣಿ ಎಲ್ಲಿಗೆ ಹೋಗುತ್ತದೆ ಎಂದು ಶುಭಾ ಒಮ್ಮೆ ಕೇಳಿದಾಗ ಮಾತ್ರ ಆ ವಿಮರ್ಶಕ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಿದ್ದ.

ಈಗ ಇನ್ನೊಬ್ಬ ಕ್ಯಾಪ್ಟನ್ನರ ವಿಷಯ ಹೇಳಬೇಕು. ಅಂಬುಬಾಯಿಯ ಅಣ್ಣ ಪ್ರಹ್ಲಾದ ಸೈನ್ಯದಿಂದ ಕ್ಯಾಪ್ಟನ್ ಆಗಿ ನಿವೃತ್ತರಾಗಿ, ಸಿಕಂದರಾಬಾದಿನ ದಂಡಿನ ಕಡೆ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಬಳಗದ ಸಣ್ಣವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಕ್ಯಾಪ್ಟನ್' ಎಂದೇ. ಜಯತೀರ್ಥನ ಮದುವೆಯಲ್ಲಿ ಊಟದ ಉಸ್ತುವಾರಿ ಅವರದಾಗಿತ್ತು. ಅವರು ಸೀಟಿ ಊದಿ ಪಂಕ್ತಿ ಕೂಡಿಸಿದರು, ಸೀಟಿ ಊದಿ ಎಬ್ಬಿಸಿದರು. ಎರಡನೇ ಪಂಕ್ತಿಗೆ ತಡವಾಗಿ ಬಂದವರ ಮುಖದ ಮೇಲೆ ಬಾಗಿಲು ಹಾಕಿದರು. ಹಾಗೆ ಹೊರಗುಳಿದು ಹಸಿದವರಲ್ಲಿ ಹುಡುಗಿಯ ಅಪ್ಪನೂ ಇದ್ದ. ಬೀಗರ ಮುಂದೆ ಮಾನ ಹೋಯಿತೆಂದು ಅಂಬುಬಾಯಿ, ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದು ಅಣ್ಣನಿಗೆ ತುಂಬಿದ ಮಂಟಪದಲ್ಲೇ ಹೇಳಿಬಿಟ್ಟಳು. ಕ್ಯಾಪ್ಟನ್ನರು ನಿಂತಲ್ಲೇ ಹಿಂದಕ್ಕೆ ತಿರುಗಿ ಹೆಜ್ಜೆ ಹಾಕಿದರು. ಇವರ ಮನೆಯಿದ್ದ ಮೆಹದಿಪಟ್ಟಣಂನಿಂದ ಸಿಕಂದರಾಬಾದಿಗೆ ಗಳಿಗೆಗೊಂದು ಬಸ್ಸು. ಅಂದಿನಿಂದ ಅಣ್ಣನೂ ಆ ಬಸ್ಸು ಹತ್ತಿರಲಿಲ್ಲ, ತಂಗಿಯೂ ಹತ್ತಿರಲಿಲ್ಲ.

ಆ ಭಾನುವಾರ ಶುಭಾ ರೈತುಬಜಾರಿಗೆ ಕಾಯಿಪಲ್ಯ ತರಲು ಹೋದಳು. ಅಂಬುಬಾಯಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಜಯತೀರ್ಥ ಕಂಪ್ಯೂಟರಿಗೆ ಸೀಡಿ ಹಾಕಿ, ಕಿವಿಗೆ ದೊಡ್ಡ ಹೆಡ್‌ಫೋನು ಏರಿಸಿ, ಕೈಕಟ್ಟಿ ಕೂತ.

ಎಡವಟ್ಟಾದದ್ದು ಆ ಹೆಡ್‌ಫೋನಿನಿಂದ. ಧಾರಾವಾಹಿಯ ಗುಂಡಿನ ಸದ್ದು, ದನಗಳ ಕೂಗು, ಪಿಟೀಲಿನ ಗೋಳು ಎಲ್ಲವೂ ಅವನ ಕಿವಿಯೊಳಗೇ ಉಳಿದವು. ಹೊರಗಿನವರಿಗೆ ಕೇಳಿದ್ದು ಅವನ ದನಿ ಮಾತ್ರ!

ಕಂತಿನ ಕೊನೆಗೆ ಡಕಾಯಿತರು ನೌಕೆಯನ್ನು ಮುತ್ತಿದರು. ಕ್ಯಾಪ್ಟನ್ ಡಿಗ್ಬಿ ತನ್ನವರನ್ನೆಲ್ಲ ಸಣ್ಣ ದೋಣಿಯಲ್ಲಿ ಕಳಿಸಿ, ಎದೆಗೆ ಗುಂಡು ತಗುಲಿದ್ದರೂ ಒಬ್ಬನೇ ಚುಕ್ಕಾಣಿ ಹಿಡಿದು ಕೂತ. ಟೋಪಿ ತೆಗೆದು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದ. ಜಯತೀರ್ಥನ ಗಂಟಲಿನಿಂದ, ಅವನೇ ಎಂದೂ ಕೇಳದಿದ್ದ ಸ್ವರವೊಂದು ಹೊರಬಿತ್ತು. ಆಮೇಲೆ ಅದಕ್ಕೆ ತಡೆಯೇ ಇರಲಿಲ್ಲ. ಅಳುತ್ತಲೇ ಮೊಬೈಲಿನಲ್ಲಿ ಅಮೋಲನಿಗೆ ಫೋನು ಹಚ್ಚಿದ. ಒಂದು ಕಿವಿಯಲ್ಲಿ ಪಿಟೀಲು ಇನ್ನೂ ಮೊರೆಯುತ್ತಿದ್ದುದರಿಂದ ಓಣಿಗೆಲ್ಲ ಕೇಳುವಂತೆ ಕೂಗಿದ.

"ಕ್ಯಾಪ್ಟನ್ ಹೋಗಿಬಿಟ್ರೋ ಅಮೋಲ್! ಕೂತಲ್ಲೇ ಹೋಗಿಬಿಟ್ರು!"

ಅದೇ ಹೊತ್ತಿಗೆ ಕೆಳಗಿನ ಮನೆಯ ಗುರುದೇವಿ ಮೊಸರಿಗೆ ಹೆಪ್ಪು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಯಾದಗಿರಿ ಕಡೆಯ ಹೆಂಗಸು, ಮನಸ್ಸು ಮೆದು. ಕ್ಯಾಪ್ಟನ್ ಅಂದರೆ ಯಾರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಬುಬಾಯಿ ಬೈಯುವುದನ್ನು ಆಗಾಗ ಕೇಳಿದ್ದಳು. ಬಟ್ಟಲನ್ನು ಅಲ್ಲೇ ಇಟ್ಟು ಮಾಳಿಗೆ ಹತ್ತಿದಳು.

"ಅಂಬಕ್ಕಾರ, ಸ್ವಲ್ಪ ಗಟ್ಟಿ ಆಗ್ರಿ," ಎಂದಳು. "ಸಿಕಂದರಾಬಾದಿಂದ ಸುದ್ದಿ ಬಂದೈತಿ. ನಿಮ್ಮ ಅಣ್ಣಾರು ಹೋಗ್ಯಾರಂತ. ಜಯಣ್ಣ ಭಾಳ ಅಳಾಕತ್ತಾರ."

ಅಂಬುಬಾಯಿ ಸಂಡಿಗೆ ಹಿಟ್ಟು ಮೆತ್ತಿದ ಕೈಯಲ್ಲೇ ಕೆಳಗಿಳಿದು ಬಂದು ಮಗನ ಕೋಣೆಯ ಬಾಗಿಲಲ್ಲಿ ನಿಂತಳು. ಮಗ ಮುಖ ಮುಚ್ಚಿಕೊಂಡು ಕೂತಿದ್ದ. ಅವಳು ಭುಜ ಮುಟ್ಟಿದ ಮೇಲೆ ಹೆಡ್‌ಫೋನು ಸರಿಸಿ ತಿರುಗಿದ.

"ಯಾವಾಗೋ?" ಎಂದಳು.

"ಈಗ, ಅಮ್ಮಾ. ಎದೀನೇ ಹೋತು."

"ಬಾಯಾಗ ನೀರು ಬಿಡಲಿಕ್ಕೆ ಯಾರರ ಇದ್ರೋ ಇಲ್ಲೋ?"

"ಯಾರೂ ಇರಲಿಲ್ಲ. ಎಲ್ಲಾರ್ನೂ ಮೊದಲೇ ಹೊರಗ ಕಳಿಸಿಬಿಟ್ಟಿದ್ರು."

"ಅಂವ ಮೊದಲಿಂದ ಹಂಗೇ," ಎಂದು ಅಂಬುಬಾಯಿ ಬಿಕ್ಕಿದಳು. "ಎಲ್ಲಾರ್ನೂ ಹೊರಗ ಹಾಕಿ, ಬಾಗಿಲಾ ಹಾಕ್ಕೊಂಡು, ಒಳಗ ತಾ ಒಬ್ಬನೇ ಇರಾಂವ."

ಜಯತೀರ್ಥ ಬೆರಗಾದ. ಇಂಗ್ಲಿಷಿನ ಒಂದಕ್ಷರ ತಿಳಿಯದ ತಾಯಿ, ಅಡುಗೆಮನೆಗೆ ಹೋಗುತ್ತ ಬರುತ್ತ ಕಂಡಷ್ಟರಲ್ಲೇ ಡಿಗ್ಬಿಯ ಇಡೀ ಸ್ವಭಾವವನ್ನು ಒಂದೇ ಮಾತಿನಲ್ಲಿ ಹಿಡಿದಿದ್ದಳು! ಇಷ್ಟು ದಿನ ತಾನು ಅವಳನ್ನು ಗ್ಲಿಸರಿನ್ ಅಳುವಿನವಳೆಂದು ಹಗುರ ಮಾಡಿದ್ದೆನಲ್ಲ ಎನಿಸಿ ಅವಳ ಸೊಂಟ ಅಪ್ಪಿಕೊಂಡು ಅತ್ತ. ಅವಳೂ ಅವನ ತಲೆ ಹಿಡಿದುಕೊಂಡು ಅತ್ತಳು. ತಾಯಿಮಕ್ಕಳು ಅಷ್ಟು ಒಂದಾಗಿ ಅತ್ತದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಗುರುದೇವಿಯೂ ಅತ್ತಳು.

ಸ್ವಲ್ಪ ಹೊತ್ತಿನಲ್ಲಿ ಜಯತೀರ್ಥ ಮೂಗೊರೆಸಿಕೊಂಡು, ಹೆಡ್‌ಫೋನು ಮತ್ತೆ ಏರಿಸಿ, ತಾಯಿಯ ಆ ಅಮೂಲ್ಯ ವಾಕ್ಯವನ್ನೇ ಮೊದಲ ಸಾಲಾಗಿಟ್ಟು ಪ್ರತಿಕ್ರಿಯೆ ಬರೆಯತೊಡಗಿದ. ಅವನು ಪಟಪಟನೆ ಕೀಲಿ ಬಡಿಯುವುದನ್ನು ಕಂಡು, ಇದೇನು ಈಗ ಎಂದು ಅಂಬುಬಾಯಿ ಗುರುದೇವಿಯ ಮುಖ ನೋಡಿದಳು. ಈಗೆಲ್ಲ ಸತ್ತ ಸುದ್ದಿಯನ್ನು ಅದರಲ್ಲೇ ತಿಳಿಸುತ್ತಾರೆ ಎಂದು ಗುರುದೇವಿ ಸಮಾಧಾನ ಹೇಳಿದಳು. ಕಂಪ್ಯೂಟರಿಲ್ಲದವರಿಗೆ ಅಂಬುಬಾಯಿ ತಾನೇ ಫೋನು ಮಾಡಿದಳು. ಮೊದಲ ಫೋನು ಗುಲ್ಬರ್ಗಾದಲ್ಲಿದ್ದ ಮಾವಶಿಗೆ, ಎಂದರೆ ತನ್ನ ತಾಯಿಯ ತಂಗಿ ಕೃಷ್ಣಾಬಾಯಿಗೆ. ಈ ಮುದುಕಿಗೆ ಹೇಳಿದರೆ ಬಳಗಕ್ಕೆಲ್ಲ ಹೇಳಿದ ಹಾಗೆ.

ಗುರುದೇವಿಯ ಗಂಡ ಹುಲಗೇಶ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕ್ವಾಲಿಸ್ ಓಡಿಸುತ್ತಿದ್ದ. ಭಾನುವಾರ ಗಾಡಿ ಬಾಗಿಲಲ್ಲೇ ಇರುತ್ತಿತ್ತು. ಸುದ್ದಿ ತಿಳಿದೊಡನೆ ತೆಗೆದೇಬಿಟ್ಟ. ಸೊಸೆಯನ್ನು ಕರೆದುಕೊಂಡು ಬಾ, ನಾನು ಮುಂದೆ ಹೋಗಿರುತ್ತೇನೆ ಎಂದು ಅಂಬುಬಾಯಿ ಮಗನಿಗೆ ಬಾಗಿಲಿಂದಲೇ ಹೇಳಿದಳು. ಪಿಟೀಲಿನ ತಾಳಕ್ಕೆ ಅಲ್ಲಾಡುತ್ತಿದ್ದ ಅವನ ತಲೆ 'ಹೂಂ' ಎಂದಂತೆ ಕಂಡಿತು. ಓಣಿಯ ಇನ್ನೂ ನಾಲ್ಕು ಹೆಂಗಸರು ಹತ್ತಿದರು. ಬಸ್‌ಸ್ಟ್ಯಾಂಡಿನ ಮುಂದೆ ಗಾಡಿ ನಿಲ್ಲಿಸಿ ಹುಲಗೇಶ ಒಂದು ದೊಡ್ಡ ಹಾರ ತಂದ.

ಶುಭಾ ಚೀಲ ಹೊತ್ತು ಬಂದಾಗ ಬಾಗಿಲು ತೆರೆದಿತ್ತು. ಮಾಳಿಗೆಯ ಸಂಡಿಗೆಗೆ ಕಾಗೆಗಳು ನೆರೆದಿದ್ದವು. ಗಂಡನ ಕಣ್ಣು ಕೆಂಪು ಕುಂಕುಮದುಂಡೆ. ಅತ್ತೆ ಎಲ್ಲಿ ಎಂದು ಕೇಳಿದರೆ, ಕ್ಯಾಪ್ಟನ್ ಹೋದದ್ದನ್ನು ಅಮ್ಮ ಭಾಳ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಎಲ್ಲೋ ಗುಡಿಗೆ ಹೋಗಿರಬೇಕು ಎಂದ. ಅಷ್ಟರಲ್ಲಿ ಮನೆಯ ಫೋನು ಹೊಡೆದುಕೊಂಡಿತು. ಗುಲ್ಬರ್ಗಾ ಸ್ಟೇಷನ್ನಿನ ಬೂತಿನಿಂದ ಮಾವಶಿ ಕೃಷ್ಣಾಬಾಯಿ.

"ನಾವು ಗಾಡಿ ಹತ್ತಲಿಕ್ಕತ್ತೀವಿ," ಎಂದು ಆಕೆ ಗದ್ಗದಳಾಗಿ ಹೇಳಿದಳು. "ನಾವು ಬರೂತನಾ ತಗೀಬ್ಯಾಡ್ರಿ. ಒಂದು ಸಲ ಮುಖಾ ನೋಡ್ತೀವಿ."

ಶುಭಾ ಏನಾದರೂ ಹೇಳುವ ಮೊದಲೇ ಫೋನು ಕಟ್ಟಾಯಿತು. ಅವಳು ಗಂಡನ ಕಡೆ ನಿಧಾನವಾಗಿ ತಿರುಗಿದಳು.

"ಹೋದಾಂವ ಯಾವ ಕ್ಯಾಪ್ಟನ್ನು?"

"ಡಿಗ್ಬಿ," ಎಂದ ಜಯತೀರ್ಥ.

ಹೇಳುತ್ತಿದ್ದಂತೆಯೇ ಅವನ ಬಾಯಿ ತೆರೆದಂತೆ ಉಳಿಯಿತು. ತಾಯಿ ಕೇಳಿದ ಒಂದೊಂದು ಪ್ರಶ್ನೆಯೂ, ತಾನು ಕೊಟ್ಟ ಒಂದೊಂದು ಉತ್ತರವೂ ಸಾಲಾಗಿ ಕಣ್ಣ ಮುಂದೆ ಬಂದವು. ಕ್ಯಾಪ್ಟನ್ ಮಾಮಾನ ಮನೆಗೆ ಫೋನು ಮಾಡಿದರೆ ಮಾಡಿದಷ್ಟು ಸಲವೂ ಎಂಗೇಜು. ತಾಯಿಗೆ ರಕ್ತದೊತ್ತಡ ಬೇರೆ ಇತ್ತು. ಅಷ್ಟು ದಾರಿ ಅತ್ತುಕೊಂಡು ಹೋದವಳಿಗೆ ಏನಾದರೂ ಆದರೆ ಎಂಬ ಯೋಚನೆ ಬಂದದ್ದೇ ಅವನು ಸ್ಕೂಟರ್ ಕೀಲಿಗೆ ಕೈಹಾಕಿದ. ಸ್ಕೂಟರ್ ಹಿಂದೆ ಶುಭಾಳನ್ನು ಕೂಡಿಸಿಕೊಂಡು ಟ್ಯಾಂಕ್‌ಬಂಡ್ ಮೇಲೆ ಅವನು ಓಡಿಸಿದ ವೇಗಕ್ಕೆ ಯಾವ ಡಕಾಯಿತನೂ ಬೆನ್ನು ಹತ್ತಲಾರ. ದಾರಿಯುದ್ದಕ್ಕೂ ಶುಭಾ ಒಂದೇ ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು.

ಆದರೆ ಅವರು ಮುಟ್ಟುವ ಮೊದಲೇ ಆಗಬೇಕಾದದ್ದು ಆಗಿಹೋಗಿತ್ತು. ಅದನ್ನು ಹುಲಗೇಶ ಆಮೇಲೆ ಹೇಳಿದ. ಕ್ವಾಲಿಸ್ ನಿಂತಾಗ ಕ್ಯಾಪ್ಟನ್ನರು ಬನಿಯನ್ ತೊಟ್ಟು ಅಂಗಳದ ದಾಸವಾಳಕ್ಕೆ ನೀರು ಹಾಕುತ್ತಿದ್ದರಂತೆ. ಹೆಂಗಸರು ಗಾಡಿಯಿಂದ ಇಳಿಯುತ್ತಲೇ ಎತ್ತಿದ ಅಳು ಅವರನ್ನು ಕಂಡದ್ದೇ ಅರ್ಧಕ್ಕೇ ನಿಂತಿತು. ಅಂಬುಬಾಯಿ ಗೇಟು ಹಿಡಿದುಕೊಂಡು ಹಾಗೇ ನಿಂತಳು.

"ನೀ ಸತ್ತೀ ಅಂತ ಬಂದೆ," ಎಂದಳು.

ಕ್ಯಾಪ್ಟನ್ನರು ತಂಗಿಯನ್ನು ನೋಡಿದರು. ಕೈಯಲ್ಲಿದ್ದ ಪೈಪಿನ ನೀರು ಅವರ ಚಪ್ಪಲಿಯ ಮೇಲೇ ಹರಿಯಿತು.

"ಹಂಗರ ಬಂದ್ಯಲ್ಲ, ಅಂಬೂ," ಎಂದರು.

ಆಮೇಲೆ ಅವಳು ಅತ್ತ ಅಳುವಿನ ಮುಂದೆ, ಸಾವಿಗೆಂದು ದಾರಿಯಲ್ಲಿ ಅತ್ತದ್ದು ಏನೇನೂ ಅಲ್ಲ ಎಂದ ಹುಲಗೇಶ. ಅವನು ಹಿಂದೆ ಬಚ್ಚಿಟ್ಟುಕೊಂಡಿದ್ದ ಹಾರವನ್ನು ಕ್ಯಾಪ್ಟನ್ನರು ತಾವೇ ಕೇಳಿ ಇಸಿದುಕೊಂಡು ಕೊರಳಿಗೆ ಹಾಕಿಕೊಂಡರು. ಜೀವ ಇರುವಾಗ ತಮಗೆ ಯಾರೂ ಹಾಕಿರಲಿಲ್ಲ ಎಂದರು.

ಜಯತೀರ್ಥ ಗೇಟು ತೆರೆದು ಕಂಡದ್ದು ಈ ದೃಶ್ಯ. ಹಾರ ಹಾಕಿಕೊಂಡ ಮಾಮಾ ಪಡಸಾಲೆಯ ಕುರ್ಚಿಯಲ್ಲಿ ಕೂತು ತಂಗಿ ಕಲಸಿಕೊಟ್ಟ ಅವಲಕ್ಕಿ ತಿನ್ನುತ್ತಿದ್ದರು. ಹೆಂಗಸರ ಅಳು ಕೇಳಿ ಓಡಿಬಂದ ನೆರೆಯ ಹಳೆಯ ಸೈನಿಕರು ಸಾಲಾಗಿ ಕೂತಿದ್ದರು. ತಾಯಿ ನಗುತ್ತಿದ್ದಳು. ಮಗನನ್ನು ಕಂಡೊಡನೆ ನಗು ನಿಲ್ಲಿಸಿದಳು.

ವಿಚಾರಣೆ ಅಲ್ಲೇ ಶುರುವಾಯಿತು. ಸತ್ತವನು ಯಾರು, ಯಾವ ರೆಜಿಮೆಂಟಿನವನು ಎಂದು ಕ್ಯಾಪ್ಟನ್ನರು ಕೇಳಿದರು. ಅಷ್ಟು ಜನರ ನಡುವೆ ಜಯತೀರ್ಥ ನಿಂತುಕೊಂಡು ಗ್ರಹ, ನೌಕೆ, ಡಕಾಯಿತರು, ದನ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲೂ ಹಿಂದಿಯಲ್ಲೂ ವಿವರಿಸಬೇಕಾಯಿತು. ಇಂಟರ್ನೆಟ್ಟಿನಲ್ಲಿ ಗಂಭೀರವಾಗಿ ಕಾಣುತ್ತಿದ್ದ ಕತೆ ಆ ಪಡಸಾಲೆಯಲ್ಲಿ ಯಾಕೋ ಹಾಗೆ ಕಾಣಲಿಲ್ಲ. ಕ್ಯಾಪ್ಟನ್ನರು ಕೊನೆಯವರೆಗೂ ತುಟಿ ಬಿಗಿದು ಕೇಳಿದರು.

"ದನಾ ಕಟ್ಟಿಕೊಂಡು ಕದನಕ್ಕ ಹೋಗ್ತಾರೇನೋ?" ಎಂದರು. "ಅಂವ ಸಾಯೋದು ಸರಿನೇ ಅದ."

ಡಿಗ್ಬಿಯ ಕೇಸು ಅಲ್ಲಿಗೆ ಮುಗಿಯಿತು. ಉಳಿದದ್ದು ಮಾವಶಿ ಕೃಷ್ಣಾಬಾಯಿಯ ಕೇಸು. ರೈಲಿನಲ್ಲಿ ಅಳುತ್ತ ಬರುತ್ತಿದ್ದವಳಿಗೆ ತಿಳಿಸುವ ದಾರಿಯೇ ಇರಲಿಲ್ಲ. ಆಕೆಯನ್ನು ಇದಿರುಗೊಳ್ಳಲು ತಾವೇ ಹೋಗುವುದಾಗಿ ಕ್ಯಾಪ್ಟನ್ನರು ಹಟ ಹಿಡಿದರು. ನಿಮ್ಮನ್ನು ಕಂಡು ಆಕೆಯೇ ಹೋಗಿಬಿಟ್ಟಾಳು ಎಂದು ಬೇಡಿಕೊಂಡ ಮೇಲೆ, ಕಂಬದ ಮರೆಯಲ್ಲಿ ನಿಲ್ಲಲು ಒಪ್ಪಿದರು. ಸಂಜೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಕೃಷ್ಣಾಬಾಯಿ ಅರ್ಧ ಡಬ್ಬಿ ತುಂಬುವಷ್ಟು ಬಳಗದೊಂದಿಗೆ ಇಳಿದಳು. ಕೈಯಲ್ಲಿ ತುಳಸಿ, ಗಂಗಾಜಲದ ಗಿಂಡಿ. ಜಯತೀರ್ಥ ತಲೆ ತಗ್ಗಿಸಿ, ಮಾಮಾ ಆರಾಮ ಇದ್ದಾರೆ, ಸತ್ತವನು ಬೇರೆ ಕ್ಯಾಪ್ಟನ್, ಹೆಸರು ಡಿಗ್ಬಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಕಂಬದ ಹಿಂದಿನಿಂದ ಕ್ಯಾಪ್ಟನ್ನರು ಹೊರಗೆ ಬಂದು ಸೆಲ್ಯೂಟ್ ಹೊಡೆದರು.

ಮುದುಕಿ ಟ್ರಂಕಿನ ಮೇಲೆ ಕುಸಿದು ಕೂತಳು. ಅಕ್ಕನ ಮಗನನ್ನು ಮೇಲಿಂದ ಕೆಳಗೆ ಮುಟ್ಟಿ ಮುಟ್ಟಿ ನೋಡಿದಳು. ಕಣ್ಣೊರೆಸಿಕೊಂಡಳು. ಧಾರಾವಾಹಿ, ಕಂಪ್ಯೂಟರು ಎಂದು ಜಯತೀರ್ಥ ಮುಂದೆ ಹೇಳಿದ್ದೊಂದೂ ಆಕೆಯ ಕಿವಿಗೆ ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

"ಆಗಲೇಳಪಾ," ಎಂದಳು. "ಇಷ್ಟು ದೂರ ಬಂದೀವಿ, ಹಂಗೇ ಹೋಗೋದು ಚಂದ ಅಲ್ಲ. ಆ ಡಿಗ್ಬಿ ಅಂಬೋವರ ಮನಿಯವರು ಯಾರರ ಇದ್ರ ತೋರಸು, ಮಾತಾಡಿಸಿ ಹೋಗ್ತೀವಿ."

ಮನೆ ಬಿಟ್ಟಾಗಿನಿಂದ ಬಾಯಿ ಬಿಗಿದುಕೊಂಡಿದ್ದ ಶುಭಾ ಈಗ ಗಂಡನ ಬೆನ್ನಿಗೆ ಕೈಯಿಟ್ಟು ಅವನನ್ನು ಮುಂದಕ್ಕೆ ನೂಕಿದಳು.

"ಇವರೊಬ್ಬರೇರಿ ಅವರಿಗೆ ಇದ್ದದ್ದು," ಎಂದಳು. "ಇವರನ್ನೇ ಮಾತಾಡಿಸ್ರಿ."