ಸತ್ತ ಫ್ರಿಜ್ಜುಗಳ ವಾರಸುದಾರರು

ದೆವ್ವಕ್ಕೆ ಹೆದರುವವರನ್ನು ಕಂಡು ನಗುವ ಜನ, ಕಾನೂನಿಗೆ ಹೆದರುವವರನ್ನು ಕಂಡರೆ ಮಾತ್ರ ಮರ್ಯಾದಸ್ಥರು ಎಂದು ತಲೆಯಾಡಿಸುತ್ತಾರೆ. ನಾನು ಎರಡಕ್ಕೂ ಹೆದರುವವನು. ಬಳ್ಳಾರಿಯ ಗಾಂಧಿನಗರದಲ್ಲಿ ಒಬ್ಬ ನೋಟರಿಯವರ ಬಳಿ ಅಫಿಡವಿಟ್ ಟೈಪು ಮಾಡುವುದು ನನ್ನ ಉದ್ಯೋಗ. 'ಮೇಲ್ಕಂಡ ಸಂಗತಿಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಎಂದು ಊರ ಜನರ ಪರವಾಗಿ ಟೈಪಿಸಿ ಟೈಪಿಸಿ, ಸತ್ಯವೆಂದರೆ ಪುಟದ ಕೊನೆಗೆ, ಸಹಿಯ ಮೇಲೆ ಬರುವಂಥದ್ದು ಎಂದೇ ನನಗೆ ರೂಢಿಯಾಗಿದೆ. ಇಷ್ಟು ವರ್ಷ ಕಾನೂನಿನ ನೆರಳಲ್ಲಿ ಕೂತಿದ್ದರಿಂದ ಒಂದಷ್ಟು ತಿಳಿವಳಿಕೆ ಬಂದಿರಬೇಕೆಂದು ನನ್ನ ಭಾವನೆ. ನನ್ನ ಹೆಂಡತಿ ಸರೋಜಳ ಅಭಿಪ್ರಾಯ ಬೇರೆ. "ನಿಮಗ ಕಾನೂನು ಗೊತ್ತಿಲ್ಲ, ಕಾನೂನಿನ ಕಾಗುಣಿತ ಗೊತ್ತೈತಿ" ಎನ್ನುತ್ತಾಳೆ.

ಕುರುಗೋಡಿನಲ್ಲಿ ನನ್ನ ಅಣ್ಣ ಚಂದ್ರಪ್ಪನಿಗೆ ಫ್ರಿಜ್ಜು, ಏಸಿ ರಿಪೇರಿಯ ಅಂಗಡಿಯಿತ್ತು. ಅಣ್ಣನಿಗೆ ಉಬ್ಬಸ. ಊರವರ ಮನೆಗಳಿಗೆಲ್ಲ ತಂಪು ಗಾಳಿ ಹಾಯಿಸಿದ ಮನುಷ್ಯನಿಗೆ ತನ್ನ ಎದೆಗೆ ಮಾತ್ರ ಗಾಳಿ ಸಾಲುತ್ತಿರಲಿಲ್ಲ. ಮಾತಿನ ನಡುವೆ ತಡೆದು, ಉಸ್ಸೆಂದು ಉಸಿರು ಬಿಟ್ಟು, ಗಂಟಲಲ್ಲೇ ಸಣ್ಣದಾಗಿ ಕೆಮ್ಮಿ ಮುಂದುವರಿಸುತ್ತಿದ್ದ. ಹೋದ ಚಳಿಗಾಲದಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಅತ್ತಿಗೆ ನೀಲಮ್ಮ ಅಂಗಡಿಯ ಹಿಂದಿನ ಓಣಿಯಲ್ಲೇ ಒಬ್ಬರೇ ಇದ್ದಾರೆ, ಹಪ್ಪಳ ಶಾವಿಗೆ ಮಾಡಿಕೊಂಡು ಗಟ್ಟಿಯಾಗಿಯೇ ಇದ್ದಾರೆ. ಅಂಗಡಿ ಬಾಡಿಗೆಯದು. ಅದನ್ನು ತೆರವು ಮಾಡಿಕೊಡಬೇಕಿತ್ತು. ಒಳಗೆ ಬಾಗಿಲು ಕಳಚಿದ ಫ್ರಿಜ್ಜುಗಳು, ಏಸಿಗಳ ಹೊರಪೆಟ್ಟಿಗೆಗಳು, ಕಂಪ್ರೆಸರುಗಳು, ಸುತ್ತಿಟ್ಟ ತಾಮ್ರದ ಪೈಪುಗಳು. ಗುಜರಿಯವನನ್ನು ಕರೆದರೆ ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರ್ ಹುಸೇನ್‌ಸಾಬರ ಫೋನು ಬಂತು. "ನಾಗಪ್ಪನೋರ, ತಪ್ಪು ತಿಳ್ಕಬ್ಯಾಡ್ರಿ. ನಿಮ್ಮಣ್ಣನ ಅಂಗಡ್ಯಾಗ ಮಧ್ಯಾನದಾಗ ಯಾರೋ ಉಸ್ರು ಬಿಡಾಕತ್ತಾರ್ರೀ. ಶೆಟರ್ ಹಾಕೇ ಐತಿ. ನಿನ್ನಿ ಕೆಮ್ಮಿದ್ದೂ ಕೇಳಿಸ್ತು." ನಾನು ನಕ್ಕೆ. ನಕ್ಕ ಮೇಲೆ ಭಾನುವಾರಕ್ಕೆ ಎಷ್ಟು ದಿನವಿದೆ ಎಂದು ಎಣಿಸಿದೆ.

ಭಾನುವಾರ ಕುರುಗೋಡಿಗೆ ಹೋದೆ. ಮಧ್ಯಾಹ್ನದ ಬಿಸಿಲಿಗೆ ಸುತ್ತಲ ಬಂಡೆಗುಡ್ಡಗಳು ಕಾದು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ದೆವ್ವಗಳಿಗೆ ಅಮಾವಾಸ್ಯೆಯ ರಾತ್ರಿಯೇ ಆಗಬೇಕೆಂದು ಹೇಳಿದವರು ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನವನ್ನು ಕಂಡಿರಲಾರರು. ಎಲ್ಲ ಬಾಗಿಲುಗಳೂ ಮುಚ್ಚಿ, ಎಲ್ಲವೂ ಬೆಳ್ಳಗೆ ಕಣ್ಣು ಕುಕ್ಕುತ್ತ, ನಮ್ಮ ನೆರಳೇ ನಮ್ಮ ಕಾಲಡಿ ಹೊಕ್ಕು ಅಡಗುವ ಹೊತ್ತು ಅದು. ಕಾದ ಶೆಟರಿಗೆ ಕಿವಿ ತಾಗದಂತೆ ಬಾಗಿ ಆಲಿಸಿದೆ. ಒಳಗೆ, ಉಸ್ಸ್ ಎಂದಿತು. ನಿಂತಿತು. ಮತ್ತೆ ಉಸ್ಸ್ ಎಂದಿತು. ಮೆಟ್ಟಿಲು ಹತ್ತಿ ಬಂದ ಮನುಷ್ಯ ಗೋಡೆಗೆ ಕೈಯಾನಿಸಿ ನಿಂತಂತೆ. ನನಗೆ ಅದು ತೀರ ಪರಿಚಿತವಾದ ಉಸಿರು. ಬೀಗದ ಕೈ ಅತ್ತಿಗೆಯ ಹತ್ತಿರವಿತ್ತು. ಹೋಗಿ ಕೇಳಿದರೆ ಅವರು ಶಾವಿಗೆ ಒಣಹಾಕುತ್ತ, "ನಂಗೇನೂ ಕೇಳ್ಸಿಲ್ಲಪ್ಪಾ. ಈಗ್ಯಾಕ ಬೀಗ ತಗೀತಿ, ಊಟ ಮಾಡು" ಎಂದರು. ನಾನು ಊಟವನ್ನೇ ಆರಿಸಿಕೊಂಡೆ.

ಮಾರನೆಯ ದಿನ ಸಿರುಗುಪ್ಪದ ಗುಜರಿ ವ್ಯಾಪಾರಿ ರಾಜಾಸಾಬರನ್ನು ಕಂಡೆ. ಅವರು ಅಣ್ಣನಿಗೆ ಹಳೆಯ ಪರಿಚಯ. ಕುರ್ಚಿ ಹಾಕಿಸಿ, ಚಹಾ ತರಿಸಿ, ವಿಷಯ ಕೇಳಿದೊಡನೆ ಎರಡೂ ಕೈ ಎತ್ತಿದರು. "ಕಬ್ಬಿಣ ತರ್ರಿ, ತಗಡು ತರ್ರಿ. ಫ್ರಿಜ್ಜು, ಏಸಿ ಸಾಮಾನು ಮಾತ್ರ ನನಗ ಬ್ಯಾಡ್ರಿ. ಒಮ್ಮಿ ಯಾರೋ ಕದ್ದ ಏಸಿ ತಂದು ಮಾರಿದ್ರು, ಅವ್ರು ಓಡಿ ಹೋದ್ರು, ಪೊಲೀಸ್ರು ನನ್ನ ಕುಂಡ್ರಿಸ್ಕಂಡ್ರು. ಸಾಮಾನು ಯಾರದು ಅನ್ನಾಕ ಕಾಗದ ಬೇಕ್ರಿ. ಅದ್ರಾಗಿನ ಗ್ಯಾಸು ಹಂಗ ಗಾಳಿಗೆ ಬಿಡಂಗಿಲ್ಲ, ತಿಳಿದೋರು ಬಂದು ಸಿಲಿಂಡರಿಗೆ ಎಳ್ಕಬೇಕು. ಕಂಪ್ರೆಸರಿನಾಗಿನ ಎಣ್ಣಿ ಬ್ಯಾರೆ ತಗೀಬೇಕು. ಆಮ್ಯಾಲ ಸರ್ಕಾರದಾಗ ರಿಜಿಸ್ಟರ್ ಆದೋರಿಗೇ ಕೊಡ್ಬೇಕು, ನಾನು ಸುತಗಿ ತಗಂಡು ಒಡ್ದ್ರ ನನ್ನ ಮ್ಯಾಲೇ ಕೇಸು."

"ಹಂಗಾರ ಈಗೇನು ಮಾಡ್ಲಿ?"

"ಮೊದ್ಲು ಸಾಮಾನು ಯಾರ ಹೆಸ್ರಿನ್ಯಾಗ ಐತಿ, ಅವ್ರನ್ನ ಕರ್ಕಂಡು ಬರ್ರಿ" ಎಂದವರು, ತಕ್ಷಣ ನಾಲಿಗೆ ಕಚ್ಚಿಕೊಂಡರು. ಅಣ್ಣನ ಮಣ್ಣಿಗೆ ಅವರೂ ಬಂದಿದ್ದರು. ಕೊನೆಗೆ ಅವರೇ ಬಳ್ಳಾರಿಯಲ್ಲಿ ಪರವಾನಗಿಯಿದ್ದ ಒಂದು ಕಡೆಗೆ ಫೋನು ಮಾಡಿ, ಗ್ಯಾಸು ತೆಗೆಯುವ ಎರ್ರಿಸ್ವಾಮಿ ಎಂಬುವರನ್ನು ಗೊತ್ತು ಮಾಡಿಕೊಟ್ಟರು. ವಾರಸುದಾರರಾದ ಅತ್ತಿಗೆಯ ಅಫಿಡವಿಟ್ಟೂ ಬೇಕು ಎಂದರು. ಅಫಿಡವಿಟ್ ಎಂಬ ಶಬ್ದ ಕೇಳಿ ನನಗೆ ತವರಿನವರು ಸಿಕ್ಕಷ್ಟು ಸಮಾಧಾನವಾಯಿತು.

ಆ ವಾರವೇ ಎರ್ರಿಸ್ವಾಮಿಯವರ ಗಾಡಿಯಲ್ಲಿ ಸಿಲಿಂಡರು, ಮೀಟರುಗಳೊಂದಿಗೆ ಕುರುಗೋಡಿಗೆ ಹೋದೆವು. ಮತ್ತೆ ಅದೇ ಸುಡು ಮಧ್ಯಾಹ್ನ. ಅತ್ತಿಗೆಯ ಮನೆಗೆ ಬೀಗ. ಅಂಗಡಿಗೆ ಬಂದರೆ ಶೆಟರು ಇಳಿದೇ ಇತ್ತು, ಆದರೆ ಬೀಗ ಇರಲಿಲ್ಲ. ಹುಸೇನ್‌ಸಾಬರು ಊಟಕ್ಕೆ ಹೋಗಿದ್ದರು. ಒಳಗಿನಿಂದ ಉಸ್ಸ್ ಎಂಬ ಸದ್ದು ಇನ್ನೂ ದೊಡ್ಡದಾಗಿ ಬರುತ್ತಿತ್ತು. ಎರ್ರಿಸ್ವಾಮಿ ನನ್ನ ಮುಖ ನೋಡಿ ಶೆಟರನ್ನು ಒಂದೇ ಎಳೆತಕ್ಕೆ ಎತ್ತಿದರು.

ಅತ್ತಿಗೆ ನೆಲದ ಮೇಲೆ ಕೂತಿದ್ದರು. ಒಂದು ಹಳೆಯ ಏಸಿ ಪೆಟ್ಟಿಗೆಗೆ ಬೆನ್ನು ಕೊಟ್ಟು, ಮಡಿಲಲ್ಲಿ ಕೈಯಿಟ್ಟಿದ್ದರು, ಕತ್ತು ವಾಲಿತ್ತು. ಕಣ್ಣುಗಳು ತೆರೆದೇ ಇದ್ದವು, ನಮ್ಮನ್ನು ನೋಡುತ್ತಿರಲಿಲ್ಲ. ಅವರ ಬೆನ್ನ ಹಿಂದಿನಿಂದಲೇ ಉಸಿರಿನ ಸದ್ದು ಬರುತ್ತಿತ್ತು. "ಹಿಡೀರಿ ಸರ್, ಆ ಗ್ಯಾಸು ನೆಲಕ್ಕ ಕುಂತಿರ್ತೈತಿ, ಗಾಳಿ ಇಲ್ದಂಗ ಮಾಡ್ತೈತಿ" ಎಂದು ಎರ್ರಿಸ್ವಾಮಿ ನನ್ನ ತೋಳಿಗೆ ಗುದ್ದಿದ ಮೇಲೆಯೇ ನಾನು ಒಳಗೆ ಹೋಗಿದ್ದು. ಇಬ್ಬರೂ ಸೇರಿ ಅವರನ್ನು ಎತ್ತಿ ಹೊರಗಿನ ಬೇವಿನ ನೆರಳಿಗೆ ತಂದೆವು. ಮುಖಕ್ಕೆ ನೀರು ಬಡಿದು, ಸೆರಗಿನಿಂದ ಗಾಳಿ ಹಾಕಿ, ಹೆಸರು ಹಿಡಿದು ಕೂಗಿದೆವು. ಅಣ್ಣ ಹೋದ ದಿನವೂ ಅಳದಿದ್ದ ನಾನು ಆಗ ಅಳುತ್ತಿದ್ದೆನಂತೆ.

ಅತ್ತಿಗೆಗೆ ಎಚ್ಚರವಾಯಿತು. ಆಸ್ಪತ್ರೆಗೆ ಬನ್ನಿರೆಂದರೆ ಕೇಳಲಿಲ್ಲ, ನೀರು ಕುಡಿದು ಅಂಗಡಿಯ ಕಡೆಗೇ ನೋಡಿದರು. "ಬಿಸ್ಲು ಏರಿದ ಕೂಡ್ಲೆ ಉಸ್ರು ತಗಳಾಕ ಕಷ್ಟ ಪಡ್ತಾರ. ಒಬ್ರನ್ನ ಬಿಟ್ಟು ಹೆಂಗ ಕುಂದ್ರಲಿ ನಾಗಪ್ಪಾ. ಇದ್ದಾಗ್ಲೂ ಎದಿ ಸವರ್ಕಂತ ಕುಂದ್ರುತಿದ್ದೆ."

ಬಿಸಿಲೇರಿದಾಗ ಪೆಟ್ಟಿಗೆಯೊಳಗೆ ಒತ್ತಡ ಹೆಚ್ಚಿ, ಸವೆದ ವಾಲ್ವಿನಿಂದ ಗ್ಯಾಸು ಸೋರುತ್ತದೆ ಎಂದು ಎರ್ರಿಸ್ವಾಮಿ ನನಗೆ ಪಿಸುಮಾತಿನಲ್ಲಿ ತಿಳಿಸಿದರು. ಅದನ್ನು ಅತ್ತಿಗೆಗೆ ತಿಳಿಸಿ ಹೇಳುವಷ್ಟು ಧೈರ್ಯ ಇಬ್ಬರಿಗೂ ಬರಲಿಲ್ಲ. "ಉಬ್ಬಸ ಕಮ್ಮಿ ಮಾಡಾಕ ಬಂದೀವಿ, ಅತ್ತಿಗಿ" ಎಂದೆ. ಅವರು ಮುಖ ಒರೆಸಿಕೊಂಡು, "ಹಂಗಾರ ಮಾಡ್ರಿ. ಸಾಕಾಗೈತಿ ಅವ್ರಿಗೆ" ಎಂದರು.

ಅಂಗಡಿಯ ಹಿಂದಿನ ಕಿಟಕಿಯನ್ನೂ ತೆರೆದು, ಗಾಳಿಯಾಡಿದ ಮೇಲೆ ಕೆಲಸ ನಡೆಯಿತು. ಒಂದೊಂದೇ ಪೆಟ್ಟಿಗೆಗೆ ಪೈಪು ಜೋಡಿಸಿ ಗ್ಯಾಸು ಎಳೆದುಕೊಂಡರು. ಉಸಿರು ಸಣ್ಣದಾಗುತ್ತ, ಮಧ್ಯೆ ಮಧ್ಯೆ ತಡೆಯುತ್ತ, ಕೊನೆಗೆ ನಿಂತಿತು. ಅತ್ತಿಗೆ ಬೇವಿನ ಕೆಳಗೆ ಕೂತು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು. ಮೀಟರಿನ ಮುಳ್ಳು ಸೊನ್ನೆಯಲ್ಲಿತ್ತು. ನಾವಿಬ್ಬರೂ ಹೊರಗೆ ಬಂದಿದ್ದೆವು, ಎರ್ರಿಸ್ವಾಮಿ ಪೈಪು ಸುತ್ತುತ್ತಿದ್ದರು. ಆಗ, ಯಾರೂ ಇಲ್ಲದ ಅಂಗಡಿಯೊಳಗೆ, ಮಾತು ಮುಂದುವರಿಸುವ ಮುಂಚೆ ಗಂಟಲು ಸರಿಮಾಡಿಕೊಳ್ಳುವವರಂತೆ, ಸಣ್ಣಗೆ ಒಂದು ಕೆಮ್ಮು ಕೇಳಿಸಿತು.

ಕೆಮ್ಮಿನ ಮೇಲೆ ಒಳಗಿನಿಂದ ಮಾತೇನೂ ಬರಲಿಲ್ಲ. ನಾನು ಎರ್ರಿಸ್ವಾಮಿಯ ಕಡೆ ನೋಡಿದೆ. ಅವರು ತಲೆ ಎತ್ತದೆ, "ಗ್ಯಾಸು ಪೂರ್ತಿ ತಗದೀವಿ ಅಂತ ಬರ್ದು ಕೊಡ್ತೀನ್ರಿ ಸರ್. ಉಳಿದಿದ್ದು ನಮ್ಮ ಕಡಿ ಬರಂಗಿಲ್ಲ" ಎಂದು, ಪೈಪನ್ನು ಸ್ವಲ್ಪ ಬೇಗಬೇಗನೆ ಸುತ್ತಿದರು. ಬೇವಿನ ಕೆಳಗೆ ಅತ್ತಿಗೆಯ ಮುಖದಲ್ಲಿ, ಅಣ್ಣ ಹೋದಮೇಲೆ ನಾನು ಕಾಣದಿದ್ದ ಒಂದು ನಗೆಯಿತ್ತು.

ಮರುದಿನ ಆಫೀಸಿನಲ್ಲಿ ಅತ್ತಿಗೆಯ ಅಫಿಡವಿಟ್ ಟೈಪು ಮಾಡಲು ಕೂತೆ. ಕಣ್ಣು ಮುಚ್ಚಿಕೊಂಡು ಬಡಿಯಬಲ್ಲ ಸಾಲುಗಳು. 'ಸದರಿ ಸಾಮಾನುಗಳ ಮೇಲೆ ನನ್ನ ಹೊರತು ಬೇರೆ ಯಾರಿಗೂ ಯಾವುದೇ ಹಕ್ಕು ಇರುವುದಿಲ್ಲ' ಎಂಬಲ್ಲಿಗೆ ಬಂದಾಗ ಬೆರಳು ಮುಂದೆ ಹೋಗಲೊಲ್ಲದು. ಸುಳ್ಳು ಪ್ರಮಾಣಕ್ಕೆ ಶಿಕ್ಷೆಯಿದೆ ಎಂದು ದಿನವೂ ಊರವರನ್ನು ಹೆದರಿಸುವವನು ನಾನು. ಯೋಚಿಸಿ, ಒಂದು ಪದ ಸೇರಿಸಿದೆ: 'ಬದುಕಿರುವ ಬೇರೆ ಯಾರಿಗೂ'. ನೋಟರಿಯವರು ಕನ್ನಡಕದ ಮೇಲಿಂದ ನೋಡಿ, ಇದೇನು ಹೊಸದು ಎಂದು ಕೇಳಿದರು. ಕಾನೂನಿನ ದೃಷ್ಟಿಯಿಂದ ಹೀಗೇ ಸರಿ ಸಾರ್ ಎಂದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಅವರು ನನ್ನ ಮಾತಿಗೆ ತಲೆಯಾಡಿಸಿ ಸೀಲು ಒತ್ತಿದ್ದು ಅದೊಂದೇ ಸಲ.