ನಮ್ಮ ಭಾವನ ರಸಮಟ್ಟ

ನಮ್ಮ ಭಾವ ಮದುವೆಯ ಉಂಗುರ ಮಾರಿದ ಮನುಷ್ಯ! ಧಾರೆಯ ದಿನ ನಮ್ಮಪ್ಪ ಕೈಯಾರೆ ತೊಡಿಸಿದ್ದ ಉಂಗುರವನ್ನೇ! ಇಸ್ಪೀಟಿಗೋ ಹೆಂಡಕ್ಕೋ ಮಾರಿದ್ದರೆ ನೆಂಟರಿಗೆ ಅರ್ಥವಾದರೂ ಆಗುತ್ತಿತ್ತು. ಅವರು ಮಾರಿದ್ದು ಒಂದು ರಸಮಟ್ಟ ಕೊಳ್ಳುವುದಕ್ಕೆ. ಗಾರೆಯವರು ಮಟ್ಟ ನೋಡಲು ಗೋಡೆಯ ಮೇಲಿಡುತ್ತಾರಲ್ಲ, ನಡುವೆ ಗಾಜಿನ ಕೊಳವೆ, ಅದರೊಳಗೊಂದು ಗುಳ್ಳೆ, ಅದೇ! ಗುಳ್ಳೆ ಗೆರೆಗಳ ನಡುವೆ ನಿಂತರೆ ಸಮ, ಸರಿದರೆ ಓರೆ.

ಭಾವನಿಗೆ ಹೊಸೂರಿನಲ್ಲಿ ಎಂಜಿನ್ ರಿಪೇರಿ ಕೆಲಸ. ಯುದ್ಧ ಆಗಷ್ಟೇ ಮುಗಿದಿತ್ತು, ದಂಡಿನವರ ಸಾಮಾನು ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಿತ್ತು. ಅಲ್ಲಿ ಕಂಡ ಸೀಮೆಯ ರಸಮಟ್ಟಕ್ಕೆ ಮನಸ್ಸು ಕೊಟ್ಟು ಬಂದರು. ನಮ್ಮಕ್ಕನನ್ನು ನೋಡಲು ಬಂದಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲವಂತೆ. ಹೇಳಿದ್ದು ಅಕ್ಕನೇ!

ಆಮೇಲೆ ಅವರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಓರೆಯಾಗಿರುವುದಕ್ಕೆ ಯಾವುದಕ್ಕೂ ಉಳಿಗಾಲವಿರಲಿಲ್ಲ. ಮಂಚದ ಕಾಲಿಗೆ ಚಕ್ಕೆ, ಒಲೆಗೆ ಮಣ್ಣು, ಒರಳಿಗೆ ಇನ್ನೊಂದು ಕಲ್ಲು. ಡೆಂಕಣಿಕೋಟೆಯಲ್ಲಿ ನೆಂಟರ ಮದುವೆಗೆ ಹೋದೆವು. ವಧೂವರರು ಇನ್ನೇನು ಕೂರಬೇಕು, ಭಾವ ಹಸೆಮಣೆಯ ಮೇಲೆ ರಸಮಟ್ಟ ಇಟ್ಟೇಬಿಟ್ಟರು!

"ಹೆಣ್ಣಿನ ಕಡೆ ತಗ್ಗೈತೆ," ಎಂದರು.

ಗಂಡಿನ ತಾಯಿ, "ತಗ್ಗಿರ್‍ಲಿ ಬುಡಪ್ಪ, ನಮ್ಗೂ ಅದೇ ಬೇಕು," ಎಂದಳು. ಹೆಣ್ಣಿನ ತಾಯಿ ಸುಮ್ಮನಿದ್ದಾಳೆಯೇ? ಮಣೆ ಸಮ ಮಾಡಿಸಿದ ಮೇಲೆಯೇ ಮಗಳನ್ನು ಕೂರಿಸಿದಳು. ಮುಹೂರ್ತ ಮೀರದಿದ್ದದ್ದು ಪುರೋಹಿತರ ಪುಣ್ಯ.

ಇಷ್ಟಾದರೂ ಅಪ್ಪ ನಗಲಿಲ್ಲ. ಉಂಗುರ ಹೋದ ದಿನದಿಂದ ಅಳಿಯನೊಡನೆ ಅವರು ಮಾತು ಬಿಟ್ಟಿದ್ದರು. ಭಾವ ಪಕ್ಕದಲ್ಲೇ ಕೂತಿದ್ದರೂ ಅಮ್ಮನನ್ನು ಕೂಗಿ, "ನೀರು ಬೇಕಾ ಅಂತ ಅವ್ರನ್ನ ಕೇಳೇ," ಎನ್ನುತ್ತಿದ್ದರು. ಭಾವನೂ ಅಮ್ಮನಿಗೇ, "ಬ್ಯಾಡ ಅನ್ನಿ ಅತ್ತೆ," ಎನ್ನುತ್ತಿದ್ದರು. ನನಗೆ ನಗು. ಆದರೆ ಅಕ್ಕ ತವರಿಗೆ ಬಂದಾಗಲೆಲ್ಲ ಅನ್ನ ಕಲಸಿಟ್ಟುಕೊಂಡು ಒಂದು ಸಲ ಅಪ್ಪನ ಮುಖ, ಒಂದು ಸಲ ಗಂಡನ ಮುಖ ನೋಡುತ್ತ ಕೂತಿರುತ್ತಿದ್ದಳು.

ಆ ವರ್ಷ ಅಪ್ಪ ನಮ್ಮೂರಿಗೆ ಮೊದಲನೆಯ ರಾಗಿ ಗಿರಣಿ ತಂದರು. ಎಂಜಿನ್ ಕೂರಿಸಲು ಅಳಿಯನನ್ನು ಕರೆಯಬಹುದಿತ್ತಲ್ಲ? ಕರೆಯಲಿಲ್ಲ! ಕೃಷ್ಣಗಿರಿ ಸಂತೆಗೆ ಹೋಗಿ ತಾವೇ ಒಂದು ಅಗ್ಗದ ರಸಮಟ್ಟ ತಂದರು. "ರೊಂಬ ನಲ್ಲದು ಸಾಮಿ, ಬಲು ಒಳ್ಳೇದು, ಅದೇ ಗಾಜು, ಅದೇ ಗುಳ್ಳೆ!" ಎಂದು ಅಂಗಡಿಯವನು ಹೊಗಳಿದ್ದನಂತೆ. ಅಪ್ಪ ಅದನ್ನು ಜಗಲಿಯಲ್ಲಿ ಕೂತಿದ್ದ ಭಾವನ ಕಣ್ಣಿಗೆ ಬೀಳುವಂತೆ ಇಟ್ಟು, ಅಮ್ಮನಿಗೆ ಹೇಳಿದರು: "ನೋಡ್ದೇನೇ? ಉಂಗ್ರ ಮಾರ್‍ದೆ ತಂದಿದೀನಿ!"

ಗಿರಣಿ ಶುರುವಾಗುವ ದಿನ ಇಡೀ ಊರು ರಾಗಿ ಹೊತ್ತು ಬಂತು. ಬೀಸುವ ಕಲ್ಲಿಗೆ ಕೈಮುಗಿದು ಬಂದ ಹೆಂಗಸರೇ ಹೆಚ್ಚು. ಎಂಜಿನ್ ಗುಡುಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೆಲ್ಟು ಗಾಲಿಯಿಂದ ಹಾರಿ, ಪಟೇಲರ ರುಮಾಲನ್ನು ಎತ್ತಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ಬಿತ್ತು! ಮತ್ತೆ ಹಾಕಿದರು, ಮತ್ತೆ ಹಾರಿತು. ಪಟೇಲರು ಬರಿದಲೆಯಲ್ಲೇ ದೂರ ಹೋಗಿ ನಿಂತರು. ಯಾರೋ, "ದುಡ್ಡು ಉಳ್ಸೋಕೋಗಿ ಗಿರಣಿ ಕೆಡಿಸ್ಬುಟ್ಟ ಕಣ್ಲಾ," ಎಂದರು. ಅಪ್ಪ ಬೆವರುತ್ತ ನಿಂತರು. ಊರಿನಲ್ಲಿ ಅವರು ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಭಾವ ಯಾರೂ ಕರೆಯದೆ ಮುಂದೆ ಬಂದರು. ಮೊದಲು ಅಪ್ಪನ ರಸಮಟ್ಟವನ್ನು ಎಂಜಿನ್ ಮೇಲಿಟ್ಟರು. ಗುಳ್ಳೆ ನಡುವೆ ನಿಂತಿತು. ಅದನ್ನೇ ಅದೇ ಜಾಗದಲ್ಲಿ ಹಿಂದುಮುಂದು ತಿರುಗಿಸಿಟ್ಟರು. ಒಳ್ಳೆಯ ಮಟ್ಟವಾದರೆ ಆಗಲೂ ಗುಳ್ಳೆ ನಡುವೆಯೇ ನಿಲ್ಲಬೇಕು. ಇದರದು ಸರ್‍ರನೆ ಮೂಲೆಗೆ ಓಡಿತು! ಪಕ್ಕದಲ್ಲೇ ನಿಂತಿದ್ದ ಅಕ್ಕ ನೋಡಿದಳು, ನಾನೂ ನೋಡಿದೆ. ಅದನ್ನು ನಂಬಿ ಎಂಜಿನ್ ಒಂದು ಕಡೆಗೆ, ಗಿರಣಿ ಇನ್ನೊಂದು ಕಡೆಗೆ ವಾಲಿಕೊಂಡು ಕೂತಿದ್ದವು. ಭಾವ ತಮ್ಮ ರಸಮಟ್ಟ ತೆಗೆದಿಟ್ಟು ನೋಡಿ, ಎರಡರ ಕೆಳಗೂ ತಗಡು ಕೊಟ್ಟು, ಬೋಲ್ಟು ಬಿಗಿದರು. ಬೆಲ್ಟು ಈ ಸಲ ಗಾಲಿ ಬಿಡಲಿಲ್ಲ. ಬೆಚ್ಚಗಿನ ನುಣ್ಣನೆಯ ಹಿಟ್ಟು ಸುರಿಯಿತು. ಮೊದಲ ಮುಷ್ಟಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದ ನನಗೆ, ಇವರು ನಮ್ಮ ಭಾವ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

"ಏನಾಗಿತ್ತಪ್ಪ? ನಿಮ್ ಮಾವನ ಮಟ್ಟವೇ ಸರಿ ಇಲ್ವಾ?" ಎಂದು ಪಟೇಲರು ಕೇಳಿದರು. ಊರೆಲ್ಲ ಕಿವಿಯಾಯಿತು.

ಭಾವ ಕೈ ಒರೆಸಿಕೊಂಡರು. "ಮಟ್ಟಕ್ಕೇನಾಗೈತೆ? ಮಾವನೋರು ಸರಿಯಾಗೇ ಕೂರಿಸವ್ರೆ. ಅಡೀಲಿ ನೆಲ ಕುಸ್ದೈತೆ, ಅಷ್ಟೆ."

ಗಿರಣಿ ಕಟ್ಟಿದ್ದು ಬಂಡೆಯ ಮೇಲೆ! ಬಂಡೆ ಎಲ್ಲಾದರೂ ಕುಸಿಯುತ್ತದೆಯೇ? ಅಲ್ಲಿದ್ದವರಿಗೆಲ್ಲ ಅದು ಗೊತ್ತು. ಆದರೂ ಎಲ್ಲರೂ ತಲೆಯಾಡಿಸಿದರು. ಪಟೇಲರು, "ಹೌದೌದು, ಕುಸ್ದಿರ್‍ತದೆ," ಎಂದು ರುಮಾಲು ಸುತ್ತಿಕೊಂಡರು.

ಅಪ್ಪ ಅಳಿಯನ ಹತ್ತಿರ ಬಂದರು. ಅಮ್ಮನನ್ನು ಕೂಗಲಿಲ್ಲ. "ಬನ್ನಿ ಅಳಿಯಂದ್ರೆ, ಮುದ್ದೆ ಆರೋಗ್ತದೆ," ಎಂದು ತಾವೇ ಕೈ ಹಿಡಿದು ಕರೆದುಕೊಂಡು ಹೋದರು.

ನಾನು ಅಕ್ಕನ ಕಿವಿಯಲ್ಲಿ, "ನಿನ್ ಗಂಡ ಸುಳ್ಳು ಹೇಳ್ಬುಟ್ರಲ್ಲೇ!" ಎಂದೆ.

"ಹೂಂ ಕಣೇ," ಎಂದಳು ಅಕ್ಕ, ಅಳುತ್ತ, ನಗುತ್ತ. "ಅವ್ರ್ ಬಾಯಲ್ಲಿ ಸುಳ್ಳು ಕೇಳಿದ್ದು ನಾನೂ ಇವತ್ತೇ."