ದೋಣಿ ಹೊರಡದೆಯೇ ಚಾಲಕ ಮನೆ ಸೇರಿದ್ದು

ಏಳನೇ ನಂಬರಿನ ಸರಕಾರಿ ದೋಣಿಯ ಇಂಜಿನ್ ಕೀಲಿ ತಿರುಗಿಸಿದರೆ ಸುತ್ತುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ ಎಂಬ ಸಂಗತಿಯನ್ನು ಜಲಸಾರಿಗೆ ಇಲಾಖೆಯು ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ವೀಕರಿಸಿ, ಮುದ್ರೆ ಒತ್ತಿ, ಕಡತದಲ್ಲಿ ಇರಿಸಿತು.

ಸಂಗತಿಯನ್ನು ತಂದವನು ದೋಣಿಯ ಚಾಲಕ. ಅವನ ಕೆಲಸ ಹೊಳೆಯ ಈಚೆ ದಡದಲ್ಲಿ, ಮನೆ ಆಚೆ ದಡದಲ್ಲಿ. ಆ ಹೊಳೆಗೆ ಇಲಾಖೆ ಕೊಟ್ಟಿದ್ದು ಅದೊಂದೇ ದೋಣಿ. ಇಲಾಖೆಯ ನೌಕರನು ಬೇರೆಯವರ ದೋಣಿಯಲ್ಲಿ ಹೊಳೆ ದಾಟಿದರೆ ಅದು ಇಲಾಖೆಯ ಮೇಲೆ ಅವಿಶ್ವಾಸ ತೋರಿಸಿದಂತೆ ಎಂದು ಹದಿನಾರನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹೀಗಾಗಿ ಅವನು ಟಿಕೆಟ್ ಕೌಂಟರಿನ ಬೆಂಚಿನ ಮೇಲೆ ಮಲಗತೊಡಗಿದ. ಹೆಂಡತಿಯನ್ನು ನೆನೆದರೆ ಪಾಪ, ಅವನಿಗೆ ಅಳುವೇ ಬರುತ್ತಿತ್ತು.

ತೊಂದರೆ ಏನೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಡೀಸೆಲ್ ಕೊಳವೆಯ ನಲ್ಲಿಯನ್ನು ಯಾರೋ ಮುಚ್ಚಿ, ಮೇಲೆ ಕೆಂಪು ಅರಗಿನ ಮುದ್ರೆ ಹಾಕಿದ್ದರು. ಸರಕಾರಿ ಮುದ್ರೆ ಒಡೆದವನು ಜೈಲಿಗೆ ಹೋಗುತ್ತಾನೆ, ಮನೆಗಲ್ಲ.

"ಸಾರ್, ನಲ್ಲಿ ಮುಚ್ಚಿದೆ. ತೆಗೆದ್ರೆ ಸ್ಟಾರ್ಟ್ ಆಗುತ್ತೆ," ಎಂದ ಮುಖ್ಯ ಮೆಕ್ಯಾನಿಕ್‌ಗೆ.

"ನಲ್ಲಿ ಹನ್ನೊಂದನೇ ಪ್ರಶ್ನೆ ಕಣಯ್ಯ," ಎಂದರು ಮುಖ್ಯ ಮೆಕ್ಯಾನಿಕ್, ದೋಷಪತ್ತೆ ನಮೂನೆಯನ್ನು ಬಿಡಿಸುತ್ತಾ. "ನಾವಿನ್ನೂ ಒಂದರಲ್ಲಿದ್ದೀವಿ. ದೋಣಿ ಇದೆಯಾ?"

"ಕಣ್ಣೆದುರಿಗೇ ಇದೆಯಲ್ಲ ಸಾರ್!"

"ನಿನ್ನ ಕಣ್ಣು ಇಲಾಖೆಯದ್ದಲ್ಲ. ಇಬ್ಬರು ಸಾಕ್ಷಿ ಬೇಕು."

ಎರಡನೇ ಪ್ರಶ್ನೆ, ದೋಣಿ ನೀರಿನಲ್ಲಿದೆಯೇ ಎಂಬುದು. ಹೊಳೆಯಿಂದ ಒಂದು ಬಾಟಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರು. ನಾಲ್ಕನೇ ದಿನ ಅದು ನೀರೇ ಎಂದು ವರದಿ ಬಂತು. ಬ್ಯಾಟರಿಯ ಪ್ರಶ್ನೆಗೆ ಚಾಲಕ ಕೀಲಿ ತಿರುಗಿಸಿದ. ಇಂಜಿನ್ ಕರ್ರ್ ಕರ್ರ್ ಎಂದಿತು. "ಆಹಾ, ಎಂಥಾ ಕಂಠ!" ಎಂದು ಮುಖ್ಯ ಮೆಕ್ಯಾನಿಕ್ ತಲೆದೂಗಿದರು. ಏಳನೇ ಪ್ರಶ್ನೆ, ಇಂಜಿನ್ನಿಗೆ ಚಾಲಕನ ಮೇಲೆ ಮುನಿಸಿದೆಯೇ ಎಂದು. ಅವನನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ ತಾವೇ ಕೀಲಿ ತಿರುಗಿಸಿದರು. ಆಗಲೂ ಕರ್ರ್ ಕರ್ರ್. "ನಿನ್ನ ಮೇಲೇನೂ ಕೋಪ ಇಲ್ಲ ಬಿಡು," ಎಂದಾಗ ಚಾಲಕನಿಗೆ ನಿಜಕ್ಕೂ ಸಮಾಧಾನವಾಯಿತು.

ಹತ್ತೊಂಬತ್ತನೇ ದಿನ ನಲ್ಲಿಯ ಸರದಿ ಬಂತು. ಮುಖ್ಯ ಮೆಕ್ಯಾನಿಕ್ ಬಗ್ಗಿ ಮುದ್ರೆಯನ್ನು ಓದಿದರು: "ಇಂಧನ ಉಳಿತಾಯ ಅಭಿಯಾನ." ಓದಿದವರೇ ಟೋಪಿ ತೆಗೆದು ನೆಟ್ಟಗೆ ನಿಂತರು.

"ಇದು ಕೆಟ್ಟಿಲ್ಲ ಕಣಯ್ಯ, ಉಳಿಸ್ತಾ ಇದೆ!"

ಲೆಕ್ಕ ಹಾಕಿದಾಗ, ಹತ್ತೊಂಬತ್ತು ದಿನಗಳಲ್ಲಿ ಒಂದು ಹನಿ ಡೀಸೆಲ್ಲನ್ನೂ ಕುಡಿಯದ ದೋಣಿ ಇಲಾಖೆಯಲ್ಲಿ ಇದೊಂದೇ ಎಂದು ತಿಳಿಯಿತು. ಮೊದಲ ಬಹುಮಾನದ ಕಪ್ ಹಿಡಿದು ಮೇಲಧಿಕಾರಿ ಖುದ್ದು ಬಂದರು. ಕಪ್ಪನ್ನು ಚಾಲಕನ ಕೈಗಿಟ್ಟಾಗ ಅವನು, "ಸಾರ್, ನನಗೆ ಕಪ್ ಬೇಡ, ಮನೆಗೆ ಹೋಗ್ಬೇಕು," ಎಂದು ಗೋಗರೆದ. ಮೇಲಧಿಕಾರಿ ಕರುಳಿದ್ದ ಮನುಷ್ಯ. ಮರುದಿನವೇ ಪ್ರಕಟಣೆ ಹೊರಟಿತು:

"ಏಳನೇ ನಂಬರಿನ ದೋಣಿಯು ಇಂದಿನಿಂದ ಯಥಾಪ್ರಕಾರ ಸಂಚರಿಸುವುದು. ಪ್ರಯಾಣಿಕರು ಮುಂಬದಿಯಿಂದ ಹತ್ತಿ, ಇಂಜಿನ್ ಹತ್ತು ನಿಮಿಷ ಸುತ್ತಿದ ತರುವಾಯ ಹಿಂಬದಿಯಿಂದ ಇಳಿಯತಕ್ಕದ್ದು. ಹಿಂಬದಿಗೆ ಹಾಕಿರುವ ಹಲಗೆಯನ್ನು ಆಚೆ ದಡವೆಂದು ಭಾವಿಸತಕ್ಕದ್ದು. ಭಾವಿಸಲಾಗದವರು ಕಾರಣವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು."

ಮೊದಲ ದಿನ ಮೇಷ್ಟ್ರೊಬ್ಬರು ಹಲಗೆ ದಾಟಿ ಸುತ್ತ ನೋಡಿ, "ನನ್ನ ಶಾಲೆ ಎಲ್ಲಿ?" ಎಂದು ಕೇಳಿದರು. "ಶಾಲೆ ನಮ್ಮ ಇಲಾಖೆಗೆ ಬರಲ್ಲ ಮೇಷ್ಟ್ರೇ," ಎಂದ ಟಿಕೆಟ್ ಗುಮಾಸ್ತ. ವಾರ ಕಳೆಯುವಷ್ಟರಲ್ಲಿ ಜನರಿಗೆ ರೂಢಿಯಾಯಿತು. ಈಗ ದೋಣಿ ಓಲಾಡುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ ಎಂದು ಹೊಗಳಿದವರೂ ಇದ್ದರು.

ಚಾಲಕನೂ ಒಂದು ಸಂಜೆ ಹಲಗೆ ದಾಟಿದ. ಗುಮಾಸ್ತ "ಮನೆ ತಲುಪಿದ್ದಾನೆ" ಎಂದು ಪ್ರಮಾಣಪತ್ರ ಬರೆದು, ಒಂದು ಪ್ರತಿಯನ್ನು ಅವನ ಹೆಂಡತಿಗೆ ಅಂಚೆಯಲ್ಲಿ ಕಳಿಸಿದ. ಅಂಚೆಯವರಿಗೆ ಅವರದೇ ದೋಣಿಯಿತ್ತು. ಎರಡು ದಿನ ಬಿಟ್ಟು ಫೋನು ಬಂತು.

"ಏನ್ರೀ, ಮನೆಗೆ ಬಂದಿದ್ದೀರಂತೆ?"

"ಹೂಂ ಕಣೇ," ಎಂದ ಚಾಲಕ.

ಆ ಕಡೆಯಿಂದ ಕಾಗದ ಮಡಚುವ ಸದ್ದು ಕೇಳಿಸಿತು.

"ಮುದ್ರೆ ಸರಿಯಾಗೇ ಇದೆ. ಕೈಕಾಲು ತೊಳ್ಕೊಂಡು ಬನ್ನಿ, ಬಡಿಸ್ತೀನಿ."

ಚಾಲಕ ಹೊಳೆಗಿಳಿದು ಕೈಕಾಲು ತೊಳೆದುಕೊಂಡು ಬಂದು, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಫೋನನ್ನು ಕಿವಿಗಿಟ್ಟುಕೊಂಡ.

"ಇನ್ನೊಂಚೂರು ಹಾಕ್ಲಾ?"

"ಸಾಕು ಕಣೇ," ಎಂದ. "ಹೊಟ್ಟೆ ತುಂಬ್ತು."